ತಪಾಸಣೆಗೆ ತಡವಾಗಿ ಬಂದ ಚಂದ್ರಮರಾಯರಿಗೆ

ಮಾನ್ಯ ಚಂದ್ರಮರಾಯರೇ,

ಸೂರ್ಯನಾರಾಯಣರ ಕೃಪೆಯಿಂದ ತಾವು ಬೆಳಗುತ್ತಿರುವಿರೆಂದು ನಂಬಿ, ಬೀಳಗಿ ಸೀಮೆಯ ಹೆಣ್ಣುಮಕ್ಕಳ ಶಾಲೆಯೊಂದರ ಹಂಗಾಮಿ ಶಿಕ್ಷಕಿಯಾದ ನಾನು ಸವಿನಯವಾಗಿ ಬರೆದುಕೊಳ್ಳುವುದೇನೆಂದರೆ: ತಮಗೆ ಸ್ವಂತ ಬೆಳಕಿಲ್ಲ, ತಮ್ಮಲ್ಲಿ ಉಸಿರಾಡಲು ಗಾಳಿಯಿಲ್ಲ, ನಮಗೆ ತಾವು ಯಾವಾಗಲೂ ಒಂದೇ ಮೋರೆ ತೋರಿಸುತ್ತೀರಿ ಎಂಬುದನ್ನೆಲ್ಲ ಮೂರನೆಯ ಇಯತ್ತೆಯ ಮಕ್ಕಳಿಗೆ ತಮ್ಮ ಮಾನಕ್ಕೆ ಕುಂದು ಬಾರದಂತೆ ಕಲಿಸಿದ್ದೆ.

ಕಳೆದ ಬಹುಳ ಸಪ್ತಮಿಯ ಬೆಳಿಗ್ಗೆ ತಪಾಸಣೆಗೆ ಬಂದ ಸಾಹೇಬರು ನನ್ನ ನೌಕರಿ ಕಾಯಂ ಮಾಡುವುದೋ ಬಿಡುವುದೋ ಎಂದು ತೀರ್ಮಾನಿಸುವವರಿದ್ದರು. ಅವರು ಕರೆವ್ವ ಎಂಬ ಹುಡುಗಿಯನ್ನು ಎಬ್ಬಿಸಿ, ಚಂದ್ರ ಯಾವಾಗ ಕಾಣುತ್ತಾನೆಂದು ಕೇಳಿದರು.

"ರಾತ್ರಿ ಕಾಣಸ್ತಾನ್ರಿ. ಒಮ್ಮೊಮ್ಮೆ ಹಗಲೂ ಕಾಣಸ್ತಾನ್ರಿ. ಈಗೂ ಅದಾನ್ರಿ" ಎಂದಳು.

ಸಾಹೇಬರು ನಕ್ಕರು. "ಏನ್ರಿ ಅಕ್ಕೋರ, ಹುಡುಗ್ಯಾರಿಗೆ ಇಂಥಾದ್ದು ಕಲಸ್ತೀರೇನು?"

"ಖರೆ ಹೇಳ್ಯಾಳ್ರಿ. ಹೊರಗ ಬರ್ರಿ, ತೋರಸ್ತೀನಿ" ಎಂದೆ.

ಇಡೀ ಶಾಲೆ ಅಂಗಳಕ್ಕಿಳಿಯಿತು. ತಾವೋ, ಪಡುವಣದ ಮೋಡವೊಂದರ ಹಿಂದೆ ಹೊಸ ಸೊಸೆಯಂತೆ ಸೆರಗು ಹೊದ್ದು ಕೂತಿದ್ದಿರಿ. ಕಲ್ಲು ಮಣ್ಣಿನ ದೇಹಕ್ಕೆ ಇಷ್ಟೊಂದು ಲಜ್ಜೆಯಿರುವುದು ಅತ್ಯಂತ ಶ್ಲಾಘನೀಯ. ಸಾಹೇಬರು ಕತ್ತು ನೋಯುವವರೆಗೆ ನೋಡಿ, ಕರೆವ್ವ ಇನ್ನೊಂದು ವರ್ಷ ಮೂರನೆಯ ಇಯತ್ತೆಯಲ್ಲೇ ಇರಲೆಂದೂ ನನ್ನ ವಿಚಾರ ಆಮೇಲೆ ನೋಡೋಣವೆಂದೂ ಹೇಳಿ ಬಸ್ಸು ಹತ್ತಿದರು.

ಕರೆವ್ವ ಅಳಲಿಲ್ಲ. ಓಡಿಹೋಗಿ ಬಸ್ಸಿಗೆ ಅಡ್ಡ ನಿಂತಳು. "ಮೋಡ ಸರಿಯೋತನಕ ನಾ ಸರಿಯಂಗಿಲ್ಲ!"

ಡ್ರೈವರ ಹಾರ್ನು ಬಾರಿಸಿದ. ಅವಳನ್ನು ಎಳೆದು ತರಲು ಹೋದ ನಾನು, ಯಾಕೋ ಏನೋ, ಅವಳ ಪಕ್ಕದಲ್ಲೇ ನಿಂತುಬಿಟ್ಟೆ.

ಕೊನೆಗೂ ತಾವು ದಯಮಾಡಿಸಿದಿರಿ, ಮುರಿದ ಜೋಳದ ರೊಟ್ಟಿಯಂತೆ ಬೆಳ್ಳಗೆ, ಅರ್ಧ. ಬಸ್ಸಿನ ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದವು. ಸಾಹೇಬರು ಕೆಳಗಿಳಿದು, ಚಷ್ಮಾ ಒರೆಸಿಕೊಂಡು ಮತ್ತೆ ನೋಡಿದರು. "ಅದಾನಲ್ಲ! ಖರೇನ ಅದಾನ" ಎಂದು ತಮಗೆ ತಾವೇ ಹೇಳಿಕೊಂಡರು. ಕರೆವ್ವ ಪಾಸಾದಳು, ನಾನು ಕಾಯಮಾದೆ. ಆದರೆ ಶಾಲೆಯ ಶೆರಾ ಪುಸ್ತಕದಲ್ಲಿ, 'ಹಗಲಿನಲ್ಲಿ ಚಂದ್ರನನ್ನು ತೋರಿಸುವ ಮುನ್ನ ಇಲಾಖೆಗೆ ತಿಳಿಸತಕ್ಕದ್ದು' ಎಂದು ಬರೆದು ಹೋದರು.

ಆದಕಾರಣ ಇನ್ನು ಮುಂದೆ ತಪಾಸಣೆಯ ದಿನ ತಾವು ಮೋಡದ ಈಚೆಗೇ ಬಂದು ಹಾಜರಿರಬೇಕೆಂದೂ, ದಿನದಿನಕ್ಕೆ ತಡಮಾಡಿ ಹುಟ್ಟುವ ಚಾಳಿಯನ್ನು ಬಿಡಬೇಕೆಂದೂ ಕೈಮುಗಿದು ಬೇಡುತ್ತೇನೆ.

ಹಗಲಿರುಳೂ ತಮ್ಮ ವಿಶ್ವಾಸಿ,
ಸುಹಾಸಿನಿ

ತಾ.ಕ.: ಸಾಹೇಬರು ಮುಂದಿನ ಸಲ ಅಮಾವಾಸ್ಯೆಯಂದು ಬರುವರಂತೆ. ಅಂದು ತಾವು ಆಕಾಶದಲ್ಲಿದ್ದರೂ ಕಾಣುವುದಿಲ್ಲವೆಂದು ಮಕ್ಕಳಿಗೆ ಕಲಿಸಿಬಿಟ್ಟಿದ್ದೇನೆ. ಅದನ್ನು ರುಜುವಾತು ಮಾಡುವ ಹೊಣೆ ಮಾತ್ರ ತಮ್ಮದು.