ಗಿಫ್ಟ್ ಚೆಕ್ಕಿನ ಮೇಲಿನ ಎರಡು ರೂಪಾಯಿ

ಬ್ಯಾಂಕಿನ ಕೌಂಟರಿನಲ್ಲಿ ಕೂತವರು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗು ತಾನೇ ಕ್ಯೂ ನಿಂತು ಬರುತ್ತದೆ. ಎಂಬತ್ತರ ದಶಕದಲ್ಲಿ ನಾನು ಮೈಸೂರಿನಿಂದ ಬೊಂಬಾಯಿಗೆ ಬಂದು ಚೆಂಬೂರಿನ ಒಂದು ಶಾಖೆಗೆ ಸೇರಿದಾಗ ನನಗೆ ಸಿಕ್ಕಿದ್ದು ಗಿಫ್ಟ್ ಚೆಕ್ ಮಾರುವ ಕೌಂಟರ್. ಮದುವೆ ಮುಂಜಿಗೆ ಹೋಗುವವರು ಐವತ್ತೊಂದೋ ನೂರಾ ಒಂದೋ ಕಟ್ಟಿ ಹೂವಿನ ಚಿತ್ರವಿದ್ದ ಚೆಕ್ ಒಯ್ಯುತ್ತಿದ್ದರು. ಅದರ ಮೇಲೆ ನಮ್ಮ ಬ್ಯಾಂಕು ಎರಡು ರೂಪಾಯಿ ಕಮಿಷನ್ ಹಾಕುತ್ತಿತ್ತು. ಆ ಎರಡು ರೂಪಾಯಿಗಾಗಿ ಜನ ನನ್ನ ಜೊತೆ ಹಿಂದಿಯಲ್ಲಿ, ಮರಾಠಿಯಲ್ಲಿ, ತುಳುವಿನಲ್ಲಿ ಜಗಳವಾಡಿದರು. ಈ ಮೂರೂ ಭಾಷೆ ನನಗೆ ಬಂದದ್ದು ಹಾಗೆ. ಅವರೆಲ್ಲರ ಉಪಕಾರ ದೊಡ್ಡದು.

೧. ರಸೀತಿ

ಆಫೀಸಿನ ಗೆಳೆಯನ ಮದುವೆಗೆಂದು ಒಬ್ಬರು ನೂರಾ ಒಂದರ ಚೆಕ್ ಕೇಳಿದರು. ನೂರಾ ಮೂರು ಕೊಡಿ ಎಂದೆ.

"ಹಾಗಾದರೆ ಚೆಕ್ ಮೇಲೂ ನೂರಾ ಮೂರು ಅಂತ ಬರೆಯಿರಿ."

"ಮೊತ್ತ ಅಚ್ಚಾಗಿಯೇ ಬರುತ್ತೆ ಸರ್, ಬದಲಾಯಿಸೋಕಾಗಲ್ಲ."

"ಮತ್ತೆ ನಾನು ಎರಡು ರೂಪಾಯಿ ಹೆಚ್ಚು ಖರ್ಚು ಮಾಡಿದ್ದು ಮದುಮಗನಿಗೆ ಗೊತ್ತಾಗೋದು ಹೇಗೆ?"

ಕಮಿಷನ್ನಿನ ರಸೀತಿ ಬರೆಸಿಕೊಂಡು ಚೆಕ್ಕಿಗೆ ಪಿನ್ ಹೊಡೆದುಕೊಂಡು ಹೋದರು. ಹದಿನೈದು ದಿನದ ಮೇಲೆ ಆ ಮದುಮಗನೇ ಚೆಕ್ ನಗದು ಮಾಡಿಸಲು ಬಂದ. ನೂರಾ ಒಂದು ಎಣಿಸಿಕೊಂಡು, ರಸೀತಿ ಮುಂದಿಟ್ಟು ಕೇಳಿದ: "ಮೇಡಮ್, ಇದರ ಎರಡು ರೂಪಾಯಿ ಯಾವ ಕೌಂಟರಿನಲ್ಲಿ ಕೊಡ್ತಾರೆ?"

೨. ಚಹಾ

ಪವಾಯಿಯಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ ಬಿಜಾಪುರ ಕಡೆಯ ಗೌಂಡಿಯೊಬ್ಬ ಬಂದ. ಚೆಂಬೂರಿನಲ್ಲಿದ್ದ ಅವನ ತಂಗಿಯ ಮಗಳಿಗೆ ಮದುವೆ.

"ರೊಕ್ಕಾ ಕೊಟ್ರ ಅಳಿಯ ಹಾರಸ್ತಾನ್ರಿ ಅಕ್ಕಾರ. ಹುಡುಗಿ ಹೆಸರೀಗೇ ಚೆಕ್ ಬರೀರಿ."

ಐವತ್ತೊಂದು ಇಟ್ಟ. ಎರಡು ರೂಪಾಯಿ ಕಮಿಷನ್ ಎಂದಾಗ ಬಸ್ಸಿಗೆಂದು ಇಟ್ಟುಕೊಂಡಿದ್ದ ಚಿಲ್ಲರೆ ತೆಗೆದು ಹಾಕಿದ.

"ಸೈಟಿನ್ಯಾಗ ಕೂಲಿ ಕೊಡೋ ನಮ್ಮ ಮುಕಾದಮನೂ ಪಗಾರದಾಗ ಕಮಿಷನ್ ಮುರಕೋತಾನ್ರಿ. ಆದ್ರ ಅಂವಾ ಒಂದ್ ಕಪ್ ಚಾ ಕುಡಸ್ತಾನ."

ಹಿಂದೆ ನಿಂತಿದ್ದ ನಮ್ಮ ಮ್ಯಾನೇಜರು ಉಡುಪಿಯವರು, ಎಲ್ಲ ಕೇಳಿಸಿಕೊಂಡರು. ಅವನನ್ನು ತಮ್ಮ ಕ್ಯಾಬಿನ್ನಿಗೆ ಕರೆದು, ಕೂರಿಸಿ, ಚಹಾ ತರಿಸಿದರು. ವಾಪಸ್ ಹೇಗೆ ಹೋಗ್ತೀ ಎಂದರು. ನಡಕೋತ ಹೊಕ್ಕೀನ್ರಿ ಎಂದ. ಜೇಬಿನಿಂದ ಬಸ್ಸಿನ ದುಡ್ಡೂ ಕೊಟ್ಟರು. ಅವನು ಹೋಗುವಾಗ ಕೌಂಟರಿಗೆ ಬಗ್ಗಿ ಮೆಲ್ಲಗೆ ಹೇಳಿದ: "ನಿಮ್ಮ ಮುಕಾದಮ್ ಭಾಳ ಚಲೋ ಮನಶ್ಯಾ ಅದಾನ್ರಿ. ಈ ಕೆಲಸ ಬಿಡಬ್ಯಾಡ್ರಿ."

೩. ಹೆಸರೇನು?

ನಾನು ಪೇಯಿಂಗ್ ಗೆಸ್ಟ್ ಆಗಿದ್ದ ಬಿಲ್ಡಿಂಗಿನಲ್ಲೇ ಮೈಸೂರಿನ ರಿಟೈರ್ಡ್ ಮೇಷ್ಟ್ರೊಬ್ಬರಿದ್ದರು. ನನಗೆ ಜ್ವರ ಬಂದರೆ ಗಂಜಿ ಬರುತ್ತಿದ್ದದ್ದು ಅವರ ಮನೆಯಿಂದ. ಕೌಂಟರಿಗೆ ಬಂದರೆ ಮಾತ್ರ ಬೇರೆಯೇ ಮನುಷ್ಯ. ಪ್ರತಿ ಸಲವೂ ಆ ಎರಡು ರೂಪಾಯಿಗೆ ಕಾಲು ಗಂಟೆ ವಾದ. ಹಿಂದಿನ ಕ್ಯೂ ಬಾಗಿಲು ದಾಟುತ್ತಿತ್ತು.

ಒಂದು ದಿನ ಬಂದವರೇ ನೂರಾ ಮೂರು ಎಣಿಸಿ ಇಟ್ಟರು. ಚಕಾರ ಎತ್ತಲಿಲ್ಲ. ನನಗೆ ಗಾಬರಿಯಾಯಿತು.

"ಮೇಷ್ಟ್ರೇ, ಆರೋಗ್ಯ ಹೇಗಿದೆ?"

"ಚೆನ್ನಾಗಿದೆ. ನೀನು ಬರಿ."

"ಯಾರ ಹೆಸರಿಗೆ?"

ಅವರು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಬರೆದು ಮುಗಿದ ಮೇಲೆ ನೋಡಿದರೆ ನನ್ನದೇ ಹೆಸರು. ಮುಂದಿನ ವಾರ ನನ್ನ ಮದುವೆಯಿತ್ತು.

ನಾಚಿಕೆಯಿಂದ ಎರಡು ರೂಪಾಯಿ ಹಿಂದಕ್ಕೆ ತಳ್ಳಿ, "ಇದನ್ನು ನಾನೇ ಹಾಕ್ತೀನಿ ಮೇಷ್ಟ್ರೇ" ಎಂದೆ.

"ಬೇಡಮ್ಮ. ತನ್ನ ಮದುವೆ ಉಡುಗೊರೆಗೆ ತಾನೇ ಕಮಿಷನ್ ಹಿಡಿದವಳನ್ನ ನೋಡೋ ಭಾಗ್ಯ ಎರಡು ರೂಪಾಯಿಗೆ ಎಲ್ಲಿ ಸಿಗುತ್ತೆ? ರಸೀತಿ ಕೊಡು."

ಕೊಟ್ಟೆ. ಮದುವೆಯ ದಿನ ಹೆಂಡತಿಯೊಡನೆ ಬಂದು ಅಕ್ಷತೆ ಹಾಕಿದರು. ನಾನು ಕಾಲಿಗೆ ಬಿದ್ದು ಎದ್ದಾಗ ಕವರು ಕೊಟ್ಟರು. ಆಮೇಲೆ ನನ್ನ ಯಜಮಾನರ ಕಿವಿಯಲ್ಲಿ ಏನೋ ಹೇಳಿದರು. ಏನಂದರು ಎಂದು ಕೇಳಿದೆ.

"ಚೆಕ್ಕಿಗೆ ಇವಳ ಸಹಿ ಹಾಕಿಸಿಕೊಂಡು ನೀನೇ ಹೋಗಿ ನಗದು ಮಾಡಿಸಿಕೋಪ್ಪ, ಬೇರೆ ಬ್ರಾಂಚಿನಲ್ಲಿ. ಇವಳ ಕೈಗೆ ಕೊಟ್ಟರೆ ಇನ್ನೆರಡು ರೂಪಾಯಿ ಹಿಡೀತಾಳೆ, ಅಂದರು" ಎಂದರು ಇವರು.