ಸೆರಗಿನ ಗಂಟು ಬಿಚ್ಚುವುದಿಲ್ಲ

ಕೆಲಸ ಅರ್ಧಕ್ಕೆ ಬಿಟ್ಟೆನೆಂದು ನನಗೇನೂ ನಾಚಿಕೆಯಿಲ್ಲ. ಬಿಟ್ಟಿದ್ದೇನೆ ಎಂದು ಬರೆದಿಡುವವಳು ನಾನು. ಮುಚ್ಚಿಡುವವರು ಬೇಕಾದರೆ ನಾಚಿಕೊಳ್ಳಲಿ. ರಾಯಚೂರಿನಲ್ಲಿ ಕೂತು ಅಕ್ಕಿ ಮಿಲ್ಲುಗಳಿಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಉದ್ಯೋಗ. ಕೋಡಿನಲ್ಲಿ ಎಲ್ಲಾದರೂ ತೊಡಕು ಬಂದರೆ 'ಇದನ್ನು ಆಮೇಲೆ ಮಾಡಬೇಕು' ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋಗುತ್ತೇನೆ. ಆ ಸಾಲನ್ನು ಕಂಪ್ಯೂಟರ್ ಓದುವುದಿಲ್ಲ, ಮನುಷ್ಯರು ಓದಲೆಂದೇ ಬರೆಯುವುದು. ಮನುಷ್ಯರೂ ಓದುವುದಿಲ್ಲ, ಆ ಮಾತು ಬೇರೆ. ಈ ವಿದ್ಯೆ ನನಗೆ ಕಾಲೇಜಿನಿಂದ ಬಂದದ್ದಲ್ಲ. ನಮ್ಮವ್ವ ಏನಾದರೂ ನೆನಪಿಡಬೇಕಾದರೆ ಸೆರಗಿಗೆ ಗಂಟು ಹಾಕುತ್ತಾಳೆ. ಸಂತೆಯ ದಿನವಂತೂ ಅವಳ ಸೆರಗಿನಲ್ಲಿ ಗಂಟಿಲ್ಲದ ಜಾಗ ಹುಡುಕಬೇಕು.

ಕಳೆದ ವಾರ ನಮ್ಮ ತಂಡಕ್ಕೆ ಹೊಸದಾಗಿ ಬಂದ ಮುಖ್ಯಸ್ಥ ವಿರೂಪಾಕ್ಷ ಅಪ್ಪಣೆ ಹೊರಡಿಸಿದ: ಇಂಥ ಸಾಲುಗಳೆಲ್ಲ ಶುಕ್ರವಾರದೊಳಗೆ ಹೋಗಬೇಕು. ಕೆಲಸ ಮುಗಿಸಿ ತೆಗೆಯಿರಿ ಎಂದಿದ್ದರೆ ಒಪ್ಪುತ್ತಿದ್ದೆ. ಸುಮ್ಮನೆ ಅಳಿಸಿಬಿಡಿ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

"ಮೇಡಂ, ನೋಡಿದವ್ರು ಏನಂತಾರ್ರಿ? ಕೋಡ್ ಸ್ವಚ್ಛ ಕಾಣಬೇಕು."

"ಗಂಟು ಬಿಚ್ಚಿದ್ರ ಕೆಲಸ ಮುಗಿದಂಗ ಆಗತದೇನ್ರಿ?" ಎಂದೆ.

ಮಾನ್ವಿಯ ಮಿಲ್ಲಿನ ಸಾಲನ್ನೇ ಅವನಿಗೆ ತೋರಿಸಿದೆ. 'ಒದ್ದೆ ಭತ್ತಕ್ಕೆ ಎಷ್ಟು ತೂಕ ಕಳೆಯಬೇಕು? ಮಿಲ್ಲಿನವರು ಇನ್ನೂ ಹೇಳಿಲ್ಲ' ಎಂದು ಅಲ್ಲಿ ಬರೆದಿದ್ದೆ. ಅದನ್ನು ಅಳಿಸಿದರೆ ನಾನು ಅಂದಾಜಿಗೆ ಹಾಕಿದ ಅಂಕಿಯೇ ವೇದವಾಗುತ್ತದೆ. ಚೀಕಲಪರ್ವಿಯಿಂದ ಟ್ರ್ಯಾಕ್ಟರ್‌ನಲ್ಲಿ ಭತ್ತ ತಂದ ರೈತರಿಗೆ ತೂಕದಲ್ಲಿ ಮೋಸವಾಗುತ್ತದೆ.

"ಅಳಸೋದಾದ್ರ ನೀವೇ ಅಳಸ್ರಿ. ಟ್ರ್ಯಾಕ್ಟರ್‌ನವ್ರು ಜಗಳಕ್ಕ ಬಂದಾಗ ಬಾಗಿಲಿಗೆ ನೀವೇ ನಿಲ್ರಿ."

ಅವನು ಅಲ್ಲೇ ಮಿಲ್ಲಿಗೆ ಫೋನು ಹಚ್ಚಿದ. ಇಷ್ಟು ದಿನ ನಾವ್ಯಾರೂ ಮಾಡದ ಕೆಲಸ ಅದೊಂದೇ. ಲೆಕ್ಕ ಸಿಕ್ಕಿತು, ಆ ಸಾಲು ಗೌರವದಿಂದ ನಿವೃತ್ತಿಯಾಯಿತು.

"ಆತ್ರಿ, ಉಳಿದವು ಇರಲಿ. ಆದ್ರ ಒಂದೊಂದೂ ಏನಂತ ಹೇಳ್ರಿ," ಎಂದು ಅವನು ಎಲ್ಲಕ್ಕಿಂತ ಹಳೆಯದನ್ನು ತೆರೆದ. 'ಇದನ್ನು ಮರೆಯದೆ ಸರಿಪಡಿಸುವುದು. ಬಹಳ ಮುಖ್ಯ!' ಕೆಳಗೆ ಹೆಸರು ನನ್ನದೇ. ಯಾವುದನ್ನು? ದೇವರಾಣೆ ಗೊತ್ತಾಗಲಿಲ್ಲ. ನಾಳೆ ಹೇಳುತ್ತೇನೆಂದು ಎದ್ದು ಬಂದೆ.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಸೆರಗಿನಲ್ಲಿ ಒಂದು ಗಂಟು ಉಳಿದಿತ್ತು.

"ಯವ್ವಾ, ಇದು ಯಾತಕ್ಕ ಕಟ್ಟೀದಿ?"

"ನೆನಪಿಲ್ಲ ಬೇ. ಅದಕ್ಕ ಬಿಚ್ಚಿಲ್ಲ."

ಮರುದಿನ ಎದೆಯುಬ್ಬಿಸಿಕೊಂಡೇ ಆಫೀಸಿಗೆ ಹೋದೆ. ಆ ಸಾಲನ್ನು ಮುಟ್ಟಲಿಲ್ಲ. ಅದರ ಕೆಳಗೆ ಇನ್ನೊಂದು ಬರೆದೆ: 'ಮೇಲಿನದು ಏನೆಂದು ನೆನಪು ಮಾಡಿಕೊಳ್ಳುವುದು.'