ಮುಂದಕ್ಕೆ ಹಾರಿದ ಮೇಲಂಗಿ

ತಪ್ಪೆಲ್ಲ ಆ ಮೇಲಂಗಿಯದು. ಟಿ.ವಿ.ಯಲ್ಲಿ ಗುಡುಗುಗೂಬೆ ಎಂಬ ವೀರ ಮುಂದಕ್ಕೆ ಹಾರುತ್ತಿದ್ದರೆ ಅವನ ಮೇಲಂಗಿಯೂ ಮುಂದಕ್ಕೇ ಹಾರಿ ಮುಖಕ್ಕೆ ಸುತ್ತಿಕೊಂಡಿತು. ಮಹಾವೀರ, ಒಣಹಾಕಿದ ಬೆಡ್‌ಶೀಟಿಗೆ ಸಿಕ್ಕಿಬಿದ್ದ ಬೆಕ್ಕಿನಂತೆ ಒದ್ದಾಡಿದ.

ಭೌತಶಾಸ್ತ್ರದ ಮೇಷ್ಟ್ರ ರಕ್ತ ಕುದಿಯಿತು. ಹುಡುಗನಾಗಿದ್ದಾಗಿನಿಂದ ಎದೆಗವಚಿಕೊಂಡು ಬಂದ ಕಾಮಿಕ್ಸ್ ಪುಸ್ತಕದ ನಾಯಕ ಅವನು! ಆ ಪುಸ್ತಕ ಧಾರಾವಾಹಿ ಆಗುತ್ತಿದೆಯೆಂದು ಬೀದಿಗೆಲ್ಲ ಡಂಗುರ ಸಾರಿದವರೂ ಅವರೇ.

ಬೆಳಿಗ್ಗೆ ಗೇಟಿನ ಬಳಿಯೇ ಪಕ್ಕದ ಮನೆಯ ಔಷಧಿ ಅಂಗಡಿಯವರು ಹಿಡಿದರು. "ಏನ್ ಮೇಷ್ಟ್ರೇ, ನಿಮ್ಮ ಗೂಬೆಗೆ ನೆಗಡಿನಾ? ಮುಖ ಮುಚ್ಕೊಂಡೇ ಹಾರ್ತಿತ್ತು! ಮಾತ್ರೆ ಕೊಡ್ಲಾ?"

ಬೀದಿಯಲ್ಲಿ ತಲೆಯೆತ್ತಿ ನಡೆಯಬೇಕಾದರೆ ಇದು ಇಂದೇ ಸರಿಹೋಗಬೇಕು. ಮೇಷ್ಟ್ರು ರಜೆ ಹಾಕಿ ನೇರ ಸ್ಟುಡಿಯೋಗೆ ನುಗ್ಗಿದರು. ಸ್ಟುಡಿಯೋ ಎಂದರೆ ಟೈರ್ ಅಂಗಡಿಯ ಹಿಂದಿನ ಗೋದಾಮು. ಹಗಲು ಚಿತ್ರೀಕರಿಸಿದ್ದನ್ನು ಅಂದೇ ಸಂಜೆ ಬಿಸಿಬಿಸಿಯಾಗಿ ಪ್ರಸಾರ ಮಾಡುವುದು ಅಲ್ಲಿನ ಪದ್ಧತಿ.

"ಅಲ್ರೀ, ಮನುಷ್ಯ ಮುಂದಕ್ಕೆ ಹಾರಿದ್ರೆ ಗಾಳಿ ಎದುರಿಂದ ಬರ್ಬೇಕು! ಫ್ಯಾನ್ ಬೆನ್ನ ಹಿಂದೆ ಇಟ್ಟಿದ್ದೀರಲ್ಲ, ನಾಚಿಕೆ ಆಗಲ್ವಾ?"

"ಗೊತ್ತು ಸಾರ್," ಎಂದ ನಿರ್ದೇಶಕ ಬನ್ ಅಗಿಯುತ್ತ. "ವೈರು ಮುಂದಕ್ಕೆ ಎಟುಕಲ್ಲ."

ಮೇಷ್ಟ್ರು ಮನೆಗೆ ಓಡಿ, ಉದ್ದ ವೈರಿನ ತಮ್ಮ ಫ್ಯಾನನ್ನೇ ಹೊತ್ತು ತಂದರು. ಮೇಲಂಗಿ ಹಿಂದಕ್ಕೆ ಹಾರಿತು. ಮೇಷ್ಟ್ರ ಕಣ್ಣು ತುಂಬಿ ಬಂತು. ಒರೆಸಿಕೊಂಡು ನೋಡಿದರೆ, ಖಳನಾಯಕ ಪಾತಾಳರಾಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಾನೆ!

"ಅನ್ಯಾಯ! ಪುಸ್ತಕದಲ್ಲಿ ಅವನಿಗೆ ಸಿಂಹಾಸನ ಇದೆ!"

"ನಿಮ್ಮನೇಲಿ ಇದ್ಯಾ ಸಾರ್?"

ಮಾವನವರು ಮಗಳಿಗೆ ಪ್ರೀತಿಯಿಂದ ಕೊಟ್ಟಿದ್ದ ಕೆತ್ತನೆಯ ಕುರ್ಚಿ ಬಂತು. ಕುರ್ಚಿಗೆ ತಕ್ಕ ಪರದೆ ಬಂತು. ಗಾಜಿನ ಬೀರು ಅದರೊಳಗಿನ ಪಿಂಗಾಣಿ ಸಮೇತ ಬಂತು. ಕೊನೆಗೆ, ಪಾತಾಳರಾಯನ ಗೂಢಚಾರ ಯಂತ್ರವಾಗಿ ಟಿ.ವಿ.ಯೂ ಬಂತು. ಹೆಂಡತಿ ಆಫೀಸಿನಲ್ಲಿದ್ದದ್ದು ಪಾತಾಳರಾಯನ ಪುಣ್ಯ.

"ಸಂಜೆ ಎಲ್ಲಾ ವಾಪಸ್ ಕಳಿಸ್ತೀನಿ. ಮಿಕ್ಕಿದ್ದು ಹೇಗೆ ತೆಗೀಲಿ ಸಾರ್?"

"ಪುಸ್ತಕದಲ್ಲಿ ಇರೋ ಹಾಗೇ ತೆಗೀರಿ. ಒಂದೇ ಒಂದು ಚಿತ್ರಾನೂ ಬಿಡ್ಬೇಡಿ!" ಎಂದು ಬೆದರಿಸಿ, ಪುಸ್ತಕವನ್ನು ಅವನ ಕೈಗಿಟ್ಟು ಮೇಷ್ಟ್ರು ಹೊರಟರು.

ಸಂಜೆ ಬಾಗಿಲು ತೆರೆದ ಹೆಂಡತಿ, "ಅಯ್ಯೋ, ಕಳ್ಳರು!" ಎಂದು ಕಿರುಚಿದಳು.

"ಕಳ್ಳರಲ್ಲ ಕಣೇ... ನಾನೇ. ಬಾ, ತೋರಿಸ್ತೀನಿ."

ನೋಡಲು ಟಿ.ವಿ. ಇರಬೇಕಲ್ಲ? ಪಕ್ಕದ ಮನೆಗೇ ಹೋದರು. ತೆರೆಯ ಮೇಲೆ ಮೇಲಂಗಿ ರಾಜಗಾಂಭೀರ್ಯದಿಂದ ಹಿಂದಕ್ಕೆ ಹಾರಿತು.

"ಭೇಷ್! ಹಾರಾಟ ಅಂದ್ರೆ ಇದು ಮೇಷ್ಟ್ರೇ. ನನ್ನ ಮಾತು ವಾಪಸ್ ತಗೊಂಡೆ," ಎಂದರು ಅಂಗಡಿಯವರು. ಮೇಷ್ಟ್ರ ಎದೆ ಒಂದು ಗೇಣು ಉಬ್ಬಿತು.

"ರೀ, ಅದು ನಮ್ಮಪ್ಪ ಕೊಟ್ಟ ಕುರ್ಚಿ ಅಲ್ವಾ?" ಎಂದಳು ಹೆಂಡತಿ.

ಮೇಷ್ಟ್ರು ಉತ್ತರಿಸುವ ಮೊದಲೇ ಗುಡುಗುಗೂಬೆ ಪಾತಾಳರಾಯನ ಕಿಟಕಿಯಿಂದ ಒಳಗೆ ಹಾರಿಬಂದ. ಮುಂದಿನ ಪುಟ ಮೇಷ್ಟ್ರಿಗೆ ಆಗ ನೆನಪಾಯಿತು. ಕುರ್ಚಿ ಎರಡು ಹೋಳಾಯಿತು, ಬೀರು ಮಗುಚಿತು, ಟಿ.ವಿ. ಗೋಡೆಗೆ ಬಡಿದು ಪುಡಿಯಾಯಿತು. ಒಂದೇ ಒಂದು ಚಿತ್ರವನ್ನೂ ಬಿಟ್ಟಿರಲಿಲ್ಲ.

ಅಂಗಡಿಯವರು ತೊಡೆ ತಟ್ಟಿಕೊಂಡರು. "ಅಬ್ಬಬ್ಬಾ! ನಿಜವಾದ ಸಾಮಾನನ್ನೇ ಒಡೀತಿದ್ದಾರಲ್ರೀ! ಈ ಧಾರಾವಾಹಿಯೋರ ಹತ್ರ ದುಡ್ಡಿಲ್ಲ ಅಂದೋನ್ಯಾರು?"